ಎಲೆಮರೆಯ ಕಾಯಿಗೆ ಕೆಲಸ ಸಿಕ್ಕೀತೇ?

(ಬಾನುಲಿ ಭಾಷಣ)

ತಾಂತ್ರಿಕ ಉದ್ಯೋಗವನ್ನು ಅರಸುವವರಿಗೆ ಅಂತರ್ಜಾಲದಲ್ಲಿ ಒಂದು ಇರವು ಅಗತ್ಯವೇ? ತಮ್ಮ ಹೆಸರು, ಓದು, ಮಾಡಿದ ಕೆಲಸ ಇವುಗಳನ್ನು ಲೋಕವೆಲ್ಲ ಕಾಣುವಂತೆ ತೆರೆದಿಡದಿದ್ದರೆ ಅವರಿಗೆ ನೌಕರಿ ದೊರೆಯುವುದಿಲ್ಲವೇ? ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಇಂದು ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ಮಕ್ಕಳು ಬೇಕೇ ಬೇಕೆನ್ನುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಂಬಿ ಬೆಳೆದ ಹಿರಿಯರಿಗೆ ಈ ಪ್ರದರ್ಶನವೆಲ್ಲ ಅಷ್ಟಾಗಿ ಸೇರುವುದಿಲ್ಲ. ಎರಡು ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ. ಎಷ್ಟೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಈ ಭಾಷಣದ ಉದ್ದೇಶ.

ಕನ್ನಡದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಸೇವೆಯಲ್ಲಿದ್ದ ಕಾಲದಲ್ಲಿ ಓದು ಮುಗಿಸಿದ ಹುಡುಗರು ನನ್ನಲ್ಲಿಗೆ ನಡತೆಪತ್ರಕ್ಕಾಗಿ ಬರುತ್ತಿದ್ದರು. ಈಗ ಅವರ ಮಕ್ಕಳು ಬರುತ್ತಾರೆ. ಅವರಿಗೆ ಪತ್ರ ಬೇಡ. ಅಂತರ್ಜಾಲದಲ್ಲಿ ತಮ್ಮನ್ನು ಕುರಿತು ತಾವೇ ಬರೆದುಕೊಂಡ ನಾಲ್ಕು ಸಾಲುಗಳನ್ನು ನೋಡಿಕೊಡಿ ಎನ್ನುತ್ತಾರೆ. ಯಂತ್ರದ ಒಳಗುಟ್ಟು ನನಗೆ ತಿಳಿಯದಿದ್ದರೂ ಪ್ರಶ್ನೆಯ ತಿರುಳು ಪರಿಚಿತವಾದದ್ದೇ. ಒಬ್ಬ ಅಪರಿಚಿತನ ಯೋಗ್ಯತೆಯನ್ನು ಇನ್ನೊಬ್ಬ ಅಪರಿಚಿತನು ಹೇಗೆ ಅರಿಯಬೇಕು? ಇದು ಗಣಕಯಂತ್ರಕ್ಕಿಂತ ಬಹಳ ಹಳೆಯ ಪ್ರಶ್ನೆ.

ಮೊದಲು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಂತರ್ಜಾಲದ ಇರವು ಎಂದರೆ ಒಂದೇ ವಸ್ತುವಲ್ಲ. ಅದರಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಒಂದನೆಯದು, ತನ್ನನ್ನು ಕುರಿತ ವಿವರ. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಎಂಬ ತಾಣದಲ್ಲಿ ಜನ ತಮ್ಮ ಓದು, ಅನುಭವ, ಕೌಶಲಗಳನ್ನು ಬರೆದಿಡುತ್ತಾರೆ. ಅದು ಎಲ್ಲರಿಗೂ ಕಾಣುವ ಬಯೊಡೇಟಾ. ಎರಡನೆಯದು, ಕೆಲಸವೇ. 2008ರಲ್ಲಿ ಆರಂಭವಾದ ಗಿಟ್‌ಹಬ್ ಎಂಬ ತಾಣದಲ್ಲಿ ಪ್ರೋಗ್ರಾಮು ಬರೆಯುವವರು ತಾವು ಬರೆದದ್ದನ್ನು ಹಾಗೆಯೇ ಇಡುತ್ತಾರೆ. ಯಾವ ಸಾಲನ್ನು ಎಂದು ಬರೆದರು, ಎಂದು ತಿದ್ದಿದರು ಎಂಬ ಚರಿತ್ರೆಯೂ ಅಲ್ಲಿ ಉಳಿಯುತ್ತದೆ. ಮೂರನೆಯದು, ಸಂವಾದ. ಅದೇ 2008ರಲ್ಲಿ ಹುಟ್ಟಿದ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಒಬ್ಬರ ತಾಂತ್ರಿಕ ಸಂದೇಹಕ್ಕೆ ಮತ್ತೊಬ್ಬರು ಉತ್ತರ ಬರೆಯುತ್ತಾರೆ. ಉತ್ತರ ಸರಿಯೇ ತಪ್ಪೇ ಎಂದು ಉಳಿದವರು ತೂಗುತ್ತಾರೆ. ವಿವರ, ಕೆಲಸ, ಸಂವಾದ ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ನಮ್ಮ ಚರ್ಚೆಯಲ್ಲಿ ಗೊಂದಲ ಹುಟ್ಟುತ್ತದೆ. ಇವುಗಳ ತೂಕ ಒಂದೇ ಅಲ್ಲ.

ಇವುಗಳಲ್ಲಿ ಯಾವುದೂ ಇಲ್ಲದಿದ್ದಾಗ ಜನರಿಗೆ ಕೆಲಸ ಹೇಗೆ ಸಿಕ್ಕುತ್ತಿತ್ತು? ಪತ್ರಿಕೆಯ ಜಾಹೀರಾತು ಒಂದು ದಾರಿ, ಪರೀಕ್ಷೆ ಮತ್ತೊಂದು, ಇವೆರಡಕ್ಕಿಂತ ವಿಶಾಲವಾದದ್ದು ಪರಿಚಯದ ದಾರಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಮೆಸಾಚುಸೆಟ್ಸ್ ರಾಜ್ಯದ ನ್ಯೂಟನ್ ಪಟ್ಟಣದಲ್ಲಿ, ವೃತ್ತಿಪರ, ತಾಂತ್ರಿಕ ಮತ್ತು ಆಡಳಿತದ ಹುದ್ದೆಗಳಿಗೆ ಆಗಷ್ಟೇ ಸೇರಿದ್ದವರನ್ನು ಕಂಡು, ನಿಮಗೆ ಈ ಕೆಲಸದ ಸುದ್ದಿ ಹೇಗೆ ತಿಳಿಯಿತು ಎಂದು ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ ಪರಿಚಿತರ ಮೂಲಕ ಎಂದರು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿ ಇರುವುದು ಮುಂದಿನ ಮಾತಿನಲ್ಲಿ. ಆ ಪರಿಚಿತರು ಯಾರು ಎಂದು ಕೆದಕಿದರೆ ಅವರು ಬಹುಮಟ್ಟಿಗೆ ಆಪ್ತರಲ್ಲ. ಅಪರೂಪಕ್ಕೆ ಎದುರಾಗುವ ಹಳೆಯ ಸಹೋದ್ಯೋಗಿಗಳು, ದೂರದ ಗುರುತಿನವರು. ಹೀಗೆ ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಿತರನ್ನು ಪದೇ ಪದೇ ಕಾಣುತ್ತಿದ್ದವರು ನೂರಕ್ಕೆ ಸುಮಾರು 17 ಜನ ಮಾತ್ರ. ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ತಮ್ಮ ಪ್ರಬಂಧಕ್ಕೆ ದುರ್ಬಲ ನಂಟುಗಳ ಬಲ ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟರು. ಕಾರಣ ಸರಳವಾದದ್ದು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ವಲಯದಲ್ಲಿ ಓಡಾಡುವವರಾದ್ದರಿಂದ ಬೇರೆ ಸುದ್ದಿಯನ್ನು ತರುತ್ತಾರೆ.

ಈ ಹಳೆಯ ಮಾತನ್ನು ಹೊಸ ಕಾಲದಲ್ಲಿ ಪರೀಕ್ಷಿಸಿ ನೋಡಿದ್ದೂ ಉಂಟು. ಲಿಂಕ್ಡ್‌ಇನ್ ತಾಣವು ತನ್ನ ಬಳಕೆದಾರರಿಗೆ ನಿಮಗೆ ಇವರ ಪರಿಚಯವಿರಬಹುದು ಎಂದು ಕೆಲವು ಹೆಸರುಗಳನ್ನು ಸೂಚಿಸುತ್ತದೆ. ಆ ಸೂಚನೆಗಳನ್ನು ಬೇರೆ ಬೇರೆ ಜನರಿಗೆ ಬೇರೆ ಬೇರೆ ರೀತಿಯಲ್ಲಿ ಕೊಟ್ಟು, ಐದು ವರ್ಷಗಳ ಅವಧಿಯಲ್ಲಿ ಸುಮಾರು ಎರಡು ಕೋಟಿ ಜನರ ಮೇಲೆ ಏನು ಪರಿಣಾಮವಾಯಿತೆಂದು ನೋಡಿದ ಅಧ್ಯಯನವೊಂದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರ ಹತ್ತಿರದವರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ಮಧ್ಯಮದೂರದ ನಂಟುಗಳೇ ಹೊಸ ಕೆಲಸಕ್ಕೆ ಹೆಚ್ಚು ನೆರವಾಗುತ್ತವೆ ಎಂದು ಅದು ತೋರಿಸಿತು. ಜೊತೆಗೆ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಇನ್ನೊಂದು ಅಂಶವೂ ಅದರಲ್ಲಿತ್ತು: ಗಣಕ ಮತ್ತು ಜಾಲಗಳ ಬಳಕೆ ಹೆಚ್ಚಾಗಿರುವ ಉದ್ಯಮಗಳಲ್ಲಿ ದುರ್ಬಲ ನಂಟು ಫಲ ಕೊಡುತ್ತದೆ, ಅಂಥ ಬಳಕೆ ಕಡಮೆಯಿರುವ ಉದ್ಯಮಗಳಲ್ಲಿ ಗಾಢವಾದ ನಂಟೇ ಫಲ ಕೊಡುತ್ತದೆ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದು ತನ್ನ ಕೇಂದ್ರವನ್ನು ತೆರೆದಾಗ ಈ ಉದ್ಯಮದ ಬಾಗಿಲು ತೀರ ಕಿರಿದಾಗಿತ್ತು. ಇಂದು ಬಾಗಿಲು ಅಗಲವಾಗಿದೆ. ನಿಂತವರ ಸಾಲು ಅದಕ್ಕಿಂತ ಉದ್ದವಾಗಿದೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಕಾಲೇಜುಗಳಿವೆ. ದೊಡ್ಡ ಊರಿನ ಹೆಸರಾಂತ ಕಾಲೇಜಿಗೆ ಕಂಪನಿಗಳು ತಾವಾಗಿ ಬಂದು ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಸಂದರ್ಶಿಸುತ್ತವೆ. ಸಣ್ಣ ಊರಿನ ಕಾಲೇಜಿಗೆ ಅಂಥವರು ಬರುವುದು ಅಪರೂಪ. ಬೆಂಗಳೂರಿನ ಬಡಾವಣೆಯ ಹುಡುಗನಿಗೆ ಪಕ್ಕದ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ಕಂಪನಿಯ ಕೆಲಸದವರು ಇರುತ್ತಾರೆ. ದುರ್ಬಲ ನಂಟುಗಳು ಅವನಿಗೆ ಹುಟ್ಟಿನಿಂದಲೇ ಬಂದಿವೆ. ಸಿಂಧನೂರಿನ ರೈತನ ಮಗಳಿಗೆ ಅವು ಇಲ್ಲ. ಅವಳ ಬುದ್ಧಿ ಇವನ ಬುದ್ಧಿಗಿಂತ ಕಡಮೆಯದೇನಲ್ಲ. ಅವಳ ಹೆಸರನ್ನು ಹೇಳುವವರು ಅಲ್ಲಿ ಯಾರೂ ಇಲ್ಲ ಅಷ್ಟೆ. ಎಲೆಮರೆಯ ಕಾಯಿ ಎಂಬ ನಮ್ಮ ನುಡಿಗಟ್ಟು ಇಂಥವರಿಗೆ ಅಕ್ಷರಶಃ ಒಪ್ಪುತ್ತದೆ. ಅಂತರ್ಜಾಲದ ಇರವಿನ ನಿಜವಾದ ಬೆಲೆ ಮೊದಲು ಕಾಣುವುದು ಇಲ್ಲಿ. ಶಿಫಾರಸು ಮಾಡುವವರಿಲ್ಲದವರಿಗೆ ಅದು ಶಿಫಾರಸಿನ ಸ್ಥಾನದಲ್ಲಿ ನಿಲ್ಲಬಲ್ಲದು. ಶಿಫಾರಸು ಈಗಾಗಲೇ ಇರುವವರಿಗೆ ಅದು ಒಂದು ಅಲಂಕಾರ.

ನಿಲ್ಲಬಲ್ಲದು ಎಂದೆ, ಎಲ್ಲ ಬಗೆಯ ಇರವೂ ಹಾಗೆ ನಿಲ್ಲುವುದಿಲ್ಲ. ಇಲ್ಲಿ ಅರ್ಥಶಾಸ್ತ್ರದ ಒಂದು ವಿಚಾರ ನಮಗೆ ನೆರವಾಗುತ್ತದೆ. ಗ್ರಾನೊವೆಟರ್ ಅವರ ಪ್ರಬಂಧ ಬಂದ ಆ 1973ರಲ್ಲಿಯೇ ಮೈಕೆಲ್ ಸ್ಪೆನ್ಸ್ ಎಂಬ ಅರ್ಥಶಾಸ್ತ್ರಜ್ಞರು ಉದ್ಯೋಗದ ಮಾರುಕಟ್ಟೆಯಲ್ಲಿ ಸಂಕೇತಗಳ ಪಾತ್ರವನ್ನು ಕುರಿತು ಬರೆದರು; 2001ರಲ್ಲಿ ನೊಬೆಲ್ ಗೌರವವನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಅವರ ವಾದದ ಸಾರ ಇಷ್ಟು: ಕೆಲಸ ಕೊಡುವವನಿಗೆ ಅಭ್ಯರ್ಥಿಯ ಒಳಗಿನ ಶಕ್ತಿ ಕಾಣುವುದಿಲ್ಲ, ಅವನು ಹೊರಗಿನ ಸಂಕೇತಗಳನ್ನು ನೋಡಿ ಊಹಿಸಬೇಕು. ಯೋಗ್ಯನಿಗೆ ಸುಲಭವಾಗಿಯೂ ಅಯೋಗ್ಯನಿಗೆ ದುಬಾರಿಯಾಗಿಯೂ ಇರುವ ಸಂಕೇತ ಮಾತ್ರ ನಂಬಿಕೆಗೆ ಅರ್ಹ. ಎಲ್ಲರಿಗೂ ಅಗ್ಗವಾಗಿ ದೊರೆಯುವ ಸಂಕೇತ ಏನನ್ನೂ ಹೇಳುವುದಿಲ್ಲ. ಹಳೆಯ ಕಾಲದ ನಡತೆಪತ್ರಗಳು ಎಲ್ಲವೂ ಒಂದೇ ಅಚ್ಚಿನವಾಗಿದ್ದವು. ಎಲ್ಲರೂ ವಿನಯಶೀಲರು, ಎಲ್ಲರೂ ಪರಿಶ್ರಮಿಗಳು. ಅದರಿಂದಲೇ ಅವುಗಳನ್ನು ಯಾರೂ ಓದುತ್ತಿರಲಿಲ್ಲ. ನಾನು ಉತ್ಸಾಹಿ, ನಾಯಕತ್ವದ ಗುಣವುಳ್ಳವನು ಎಂದು ಲಿಂಕ್ಡ್‌ಇನ್ನಿನಲ್ಲಿ ಬರೆದುಕೊಳ್ಳುವುದಕ್ಕೂ ಖರ್ಚಿಲ್ಲ. ಓಡುವ, ಇನ್ನೊಬ್ಬರಿಗೆ ಉಪಯೋಗವಾಗುವ ಒಂದು ಪ್ರೋಗ್ರಾಮನ್ನು ಬರೆದು ತೋರಿಸುವುದಕ್ಕೆ ಖರ್ಚಿದೆ.

ನಮ್ಮ ಶಿಲ್ಪಿಗಳು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭಾರತದ ಪ್ರಾಚೀನ ಶಿಲ್ಪಿಗಳು ಹೆಸರು ಹೇಳಿಕೊಳ್ಳದವರು ಎಂಬ ಮಾತಿಗೆ ಹೊಯ್ಸಳರ ದೇವಾಲಯಗಳು ದೊಡ್ಡ ಅಪವಾದ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಅವನ ಮಗ ಚಾವಣನ ಹೆಸರಿದೆ. 1246ರ ನುಗ್ಗೇಹಳ್ಳಿಯ ಗುಡಿಯಲ್ಲಿ ಒಂದು ಬದಿಯ ವಿಗ್ರಹಗಳು ಬೈಚೋಜನವು, ಇನ್ನೊಂದು ಬದಿಯವು ಮಲ್ಲಿತಮ್ಮನವು ಎಂದು ಕೆಳಗಿನ ಬರೆಹಗಳಿಂದ ತಿಳಿಯುತ್ತದೆ. ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇವರಲ್ಲಿ ಕೆಲವರು ಹೆಸರಿನ ಜೊತೆಗೆ ಊರು, ಮನೆತನ ಮಾತ್ರವಲ್ಲ, ಎದುರಾಳಿ ಶಿಲ್ಪಿಗಳನ್ನು ಕೆಣಕುವಂಥ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಇದು ಆತ್ಮಪ್ರಶಂಸೆಯೇ ಸರಿ. ಆದರೆ ಆ ಪ್ರಶಂಸೆ ವಿಗ್ರಹದ ಕೆಳಗಿದೆ. ನಂಬದವನು ಸ್ವಲ್ಪ ತಲೆಯೆತ್ತಿ ನೋಡಿದರೆ ಸಾಕು. ಕೆಲಸದ ಕೆಳಗೆ ಹೆಸರಿರುವುದು ಒಂದು. ಕೆಲಸವಿಲ್ಲದೆ ಬರಿಯ ಪೀಠದ ಮೇಲೆ ಹೆಸರಿರುವುದು ಮತ್ತೊಂದು. ಅಂತರ್ಜಾಲದಲ್ಲಿ ಇಂದು ಬರಿಯ ಪೀಠಗಳು ಬೇಕಾದಷ್ಟಿವೆ.

ಕೆಲಸವೇ ಹೆಸರನ್ನು ಹೊತ್ತು ಸಾಗಿದ ನಿದರ್ಶನಗಳು ಈ ಕ್ಷೇತ್ರದಲ್ಲಿ ಅನೇಕ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಗಣಕದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಬರೆಯುತ್ತಿರುವೆನೆಂದು ಜಾಲದ ಚರ್ಚಾಗುಂಪಿನಲ್ಲಿ ತಿಳಿಸಿ ಸಲಹೆ ಕೇಳಿದರು. ಅದೇ ಮುಂದೆ ಲಿನಕ್ಸ್ ಆಯಿತು. 1997ರಲ್ಲಿ ಕ್ಯಾಲಿಫೋರ್ನಿಯದ ಕಂಪನಿಯೊಂದು ಅವರನ್ನು ಕೆಲಸಕ್ಕೆ ಕರೆದುಕೊಂಡಿತು. ಅವರೊಬ್ಬರ ಮಾತಲ್ಲ, ಲಿನಕ್ಸ್‌ನ ತಿರುಳಿಗೆ ಬರುವ ಕೊಡುಗೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಯಾವುದಾದರೊಂದು ಸಂಸ್ಥೆಯಿಂದ ಸಂಬಳ ಪಡೆಯುವವರದು ಎಂದು ಲಿನಕ್ಸ್ ಫೌಂಡೇಶನ್ನಿನ 2015ರ ವರದಿ ಹೇಳಿತು. ಎಲ್ಲರ ಕಣ್ಣೆದುರು ನಡೆಯುವ ಈ ಕೆಲಸವನ್ನು ಕಂಪನಿಗಳು ಗಮನಿಸುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ನೆರೆಯ ದ್ವೀಪದ ಕಥೆ ನಮಗೆ ಇನ್ನೂ ಹತ್ತಿರದ್ದು. 2005ರಿಂದ ಗೂಗಲ್ ಸಂಸ್ಥೆ ವಿದ್ಯಾರ್ಥಿಗಳು ಬೇಸಗೆಯಲ್ಲಿ ಮುಕ್ತ ತಂತ್ರಾಂಶಗಳಿಗಾಗಿ ದುಡಿಯಲು ಸಹಾಯಧನ ಕೊಡುವ ಒಂದು ಯೋಜನೆಯನ್ನು ನಡೆಸುತ್ತ ಬಂದಿದೆ. ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶ. ಆ ಯೋಜನೆಯ ಮೊದಲ ಹತ್ತು ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕೊಟ್ಟ ವಿಶ್ವವಿದ್ಯಾಲಯ ಅಮೆರಿಕದ್ದೂ ಅಲ್ಲ, ಯೂರೋಪಿನದೂ ಅಲ್ಲ. ಶ್ರೀಲಂಕೆಯ ಮೊರಟುವ ವಿಶ್ವವಿದ್ಯಾಲಯ. ಒಂದು ತಂಡ ಆರಿಸಿ ಬಂದದ್ದನ್ನು ಕಂಡು ಮುಂದಿನ ತಂಡ ಕಲಿತರೆ, ದೂರದ ದ್ವೀಪದವರೂ ಜಗತ್ತಿನ ಪಟ್ಟಿಯಲ್ಲಿ ಮೊದಲು ನಿಲ್ಲಬಹುದು.

ಇನ್ನೊಂದು ನಿದರ್ಶನ ನಾನೇ ಬಲ್ಲದ್ದು. ಅದು ನನ್ನ ವಿಷಯಕ್ಕೂ ಸೇರಿದ್ದಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಕನ್ನಡ ಪದ್ಯಗಳಿಗೆ ಪ್ರಸ್ತಾರ ಹಾಕುವ, ಅಂದರೆ ಲಘು ಗುರುಗಳನ್ನು ಗುರುತಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಬರೆದಳು. ಕೆಲಸ ಸುಲಭವೆಂದು ತೋರಬಹುದು. ಆದರೆ ಸ್ತ್ರೀ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಆರು ಸಂಕೇತಗಳ ಸರಣಿ. ಮೊದಲು ಅಕ್ಷರವನ್ನು ಅಕ್ಷರವಾಗಿ ಗುರುತಿಸುವುದನ್ನು ಅದಕ್ಕೆ ಕಲಿಸಬೇಕು. ಆಮೇಲೆ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಹೇಳಿಕೊಡಬೇಕು. ಅವಳು ಅಷ್ಟನ್ನೂ ಮಾಡಿ ನನಗೆ ತೋರಿಸಿದಳು. ಹಳಗನ್ನಡದ ಕೆಲವು ಕಂದಗಳನ್ನು ಕೊಟ್ಟು ನೋಡಿದೆವು. ಕಂದಕ್ಕೆ ಪಾದಗಳಲ್ಲಿ 12, 20, 12, 20ರಂತೆ ಒಟ್ಟು 64 ಮಾತ್ರೆ ಇರಬೇಕಷ್ಟೆ. ಒಂದೆರಡು ಕಡೆ 65 ಬಂತು. ಕವಿಯ ತಪ್ಪೂ ಅಲ್ಲ, ಗಣಕದ ತಪ್ಪೂ ಅಲ್ಲ, ಶಿಥಿಲದ್ವಿತ್ವದ ಮಹಿಮೆ. ಒತ್ತಕ್ಷರವಿದ್ದರೂ ಉಚ್ಚಾರಣೆ ಸಡಿಲವಾಗಿ, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದನ್ನು ಕೇಶಿರಾಜನ ವ್ಯಾಕರಣವನ್ನು ಓದಿದವರೆಲ್ಲ ಬಲ್ಲರು. ಎಲ್ಲಿ ಶಿಥಿಲ, ಎಲ್ಲಿ ಅಲ್ಲ ಎಂಬುದನ್ನು ಯಂತ್ರ ತಾನೇ ನಿರ್ಣಯಿಸಲಾರದು. ಆದ್ದರಿಂದ ಅವಳು ಯಂತ್ರಕ್ಕೆ ಸಂದೇಹಪಡುವುದನ್ನು ಕಲಿಸಿದಳು: ಲೆಕ್ಕ ಮೀರಿದರೆ ಶಿಥಿಲವಾಗಬಹುದಾದ ಒತ್ತಕ್ಷರಗಳನ್ನು ಗುರುತು ಮಾಡಿ ಓದುಗನ ಮುಂದಿಡು ಎಂದಳು. ಮೊದಲ ತಪ್ಪು, ಅದಕ್ಕೆ ಕಾರಣ, ತಿದ್ದಿದ ಬಗೆ ಎಲ್ಲವನ್ನೂ ಗಿಟ್‌ಹಬ್ಬಿನಲ್ಲಿ ಬರೆದಿಟ್ಟಳು.

ಕೆಲವು ತಿಂಗಳ ಮೇಲೆ ಒಂದು ಕಂಪನಿಯ ಸಂದರ್ಶನದಲ್ಲಿ ಕನ್ನಡವೇ ತಿಳಿಯದ ಸಂದರ್ಶಕರು ಈ ತಿದ್ದುಪಡಿಯನ್ನು ಕುರಿತೇ ಬಹಳ ಹೊತ್ತು ಕೇಳಿದರಂತೆ. ನಿಯಮಕ್ಕೆ ಅಪವಾದ ಎದುರಾದಾಗ ನೀವು ಏನು ಮಾಡಿದಿರಿ, ಏಕೆ ಹಾಗೆ ಮಾಡಿದಿರಿ, ಬೇರೆ ದಾರಿ ಇರಲಿಲ್ಲವೇ ಎಂಬುದು ಅವರಿಗೆ ಬೇಕಾಗಿತ್ತು. ಉಳಿದ ಅಭ್ಯರ್ಥಿಗಳಂತೆ ಅವಳೂ ಲಿಖಿತ ಪರೀಕ್ಷೆಯನ್ನು ಬರೆದಳು. ಅದರಲ್ಲಿ ರಿಯಾಯಿತಿ ದೊರೆಯಲಿಲ್ಲ. ಕೆಲಸ ಸಿಕ್ಕಿತು. ಪ್ರಸ್ತಾರದ ಪ್ರೋಗ್ರಾಮಿನಿಂದಲೇ ಸಿಕ್ಕಿತೆಂದು ನಾನು ಹೇಳಲಾರೆ. ತಾನು ಮಾಡಿದ ಒಂದು ಕೆಲಸವನ್ನು ಕುರಿತು ಮಾತನಾಡುವ ಅವಕಾಶ ಅದರಿಂದ ದೊರೆಯಿತು ಎಂಬುದು ನಿಶ್ಚಯ.

ಹಾಗೆಂದು ಇದನ್ನು ಸಾರ್ವತ್ರಿಕ ನಿಯಮವೆಂದು ತಿಳಿಯಬಾರದು. ಮ್ಯಾಕ್ ಗಣಕಗಳಲ್ಲಿ ತಂತ್ರಾಂಶಗಳನ್ನು ಅಳವಡಿಸಲು ಲೋಕದಾದ್ಯಂತ ಬಳಕೆಯಲ್ಲಿರುವ ಹೋಂಬ್ರೂ ಎಂಬ ಸಾಧನವನ್ನು ರಚಿಸಿದವರು ಮ್ಯಾಕ್ಸ್ ಹೋವೆಲ್. ಗೂಗಲ್‌ನ ಸಂದರ್ಶನದಲ್ಲಿ ಹಲಗೆಯ ಮೇಲೆ ಬಿಡಿಸಬೇಕಾದ ಒಂದು ಸಮಸ್ಯೆಯ ಕಾರಣದಿಂದ ತಮ್ಮನ್ನು ತೆಗೆದುಕೊಳ್ಳಲಿಲ್ಲವೆಂದು ಅವರು 2015ರಲ್ಲಿ ಸಾರ್ವಜನಿಕವಾಗಿ ಹೇಳಿಕೊಂಡರು. ಅಲ್ಲಿಯ ಇಂಜಿನಿಯರುಗಳೇ ಅವರ ಸಾಧನವನ್ನು ಬಳಸುತ್ತಿದ್ದರಂತೆ. ಖ್ಯಾತಿ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗಿನ ಪರೀಕ್ಷೆ ಬೇರೆ.

ಇನ್ನೊಂದು ಕಡೆ, ಯಾವ ಇರವೂ ಇಲ್ಲದೆ ದೊಡ್ಡ ಹುದ್ದೆಯಲ್ಲಿರುವವರು ಅಸಂಖ್ಯರು. ಬ್ಯಾಂಕಿನ ಲೆಕ್ಕವನ್ನು, ರೈಲಿನ ಕಾದಿರಿಸುವಿಕೆಯನ್ನು ನಡೆಸುವ ಪ್ರೋಗ್ರಾಮುಗಳು ಅವುಗಳ ಒಡೆಯರ ಸ್ವತ್ತು. ಬರೆದವರು ಅವುಗಳನ್ನು ಹೊರಗೆ ತೋರಿಸುವಂತಿಲ್ಲ. ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದವರ ಗಿಟ್‌ಹಬ್ ಪುಟ ಖಾಲಿಯಾಗಿರುವುದು ಸಹಜ. ಹೊಯ್ಸಳರ ಗುಡಿಗಳಲ್ಲಿಯೂ ಹೆಸರಿಲ್ಲದ ವಿಗ್ರಹಗಳಿವೆಯಲ್ಲ. ಅವುಗಳ ಚೆಲುವು ಹೆಸರಿರುವವಕ್ಕಿಂತ ಕಡಮೆಯೇನಲ್ಲ. ಸರ್ಕಾರಿ ರಂಗದಲ್ಲಂತೂ ಈ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ. ಇಸ್ರೋ ಸಂಸ್ಥೆಯಾಗಲಿ, ಅನೇಕ ಸಾರ್ವಜನಿಕ ಉದ್ಯಮಗಳಾಗಲಿ ಲಿಖಿತ ಪರೀಕ್ಷೆಯನ್ನೋ ಗೇಟ್ ಅಂಕವನ್ನೋ ಸಂದರ್ಶನವನ್ನೋ ಆಧರಿಸಿ ಆರಿಸಿಕೊಳ್ಳುತ್ತವೆ. ತಾಂತ್ರಿಕ ಉದ್ಯೋಗವೆಂದರೆ ತಂತ್ರಾಂಶ ಮಾತ್ರವೂ ಅಲ್ಲ. ಸೇತುವೆ ಕಟ್ಟುವವರು, ಲೇತ್ ಯಂತ್ರದ ಮುಂದೆ ನಿಲ್ಲುವವರು, ವಿದ್ಯುತ್ ಕೇಂದ್ರವನ್ನು ನೋಡಿಕೊಳ್ಳುವವರು ತಮ್ಮ ಕೆಲಸವನ್ನು ಪರದೆಯ ಮೇಲೆ ಇಟ್ಟು ತೋರಿಸಲಾರರು. ಅಲ್ಲಿ ಜೊತೆಗೆ ದುಡಿದವರ ಮಾತೇ ಪ್ರಮಾಣ. ಸೈನ್ಸ್ ಪತ್ರಿಕೆಯ ಅಧ್ಯಯನ ಗಾಢ ನಂಟಿನ ಬಗ್ಗೆ ಹೇಳಿದ್ದು ಇದಕ್ಕೆ ಹೊಂದುತ್ತದೆ.

ಎಲ್ಲಿ ನಾಣ್ಯಕ್ಕೆ ಬೆಲೆ ಬರುತ್ತದೆಯೋ ಅಲ್ಲಿ ಖೋಟಾ ನಾಣ್ಯವೂ ಹುಟ್ಟುತ್ತದೆ. ಗಿಟ್‌ಹಬ್ಬಿನಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಚೌಕವಿದೆ. ಕೆಲಸ ಮಾಡಿದ ದಿನ ಅದು ಹಸುರಾಗುತ್ತದೆ. ಹಸುರು ತುಂಬಿದರೆ ದುಡಿಮೆಗಾರನೆಂಬ ಭಾವನೆ ಬಂತು. ಆದರೆ ಕೆಲಸದ ತಾರೀಕನ್ನು ಬರೆಯುವವನೇ ಬದಲಿಸಬಹುದಾದ್ದರಿಂದ ಒಂದು ಸಂಜೆಯಲ್ಲಿ ವರ್ಷವನ್ನೆಲ್ಲ ಹಸುರಾಗಿಸಬಹುದು. 2020ರ ಅಕ್ಟೋಬರಿನಲ್ಲಿ ನಡೆದದ್ದು ಇನ್ನೂ ಬೋಧಪ್ರದ. ಮುಕ್ತ ತಂತ್ರಾಂಶಗಳಿಗೆ ನಾಲ್ಕು ತಿದ್ದುಪಡಿಗಳನ್ನು ಸೂಚಿಸಿದವರಿಗೆ ಟೀಶರ್ಟು ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವದಲ್ಲಿ, ಒಂದು ಪದ ಸೇರಿಸಿ ಒಂದು ಪದ ಅಳಿಸಿದ ಹುರುಳಿಲ್ಲದ ಸೂಚನೆಗಳ ಪ್ರವಾಹವೇ ಹರಿಯಿತು. ತಂತ್ರಾಂಶಗಳನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವವರು ಬೇಸತ್ತರು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಉತ್ಸವ ಅನ್ವಯಿಸುವಂತೆ ತಿಂಗಳ ನಡುವೆಯೇ ನಿಯಮ ಬದಲಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ತಂತ್ರಾಂಶಕ್ಕೂ ತಮ್ಮ ಹೆಸರನ್ನಷ್ಟೇ ಸೇರಿಸುವ ಇಂಥ ಸೂಚನೆಗಳು ಮುತ್ತಿಗೆ ಹಾಕಿದವು. ಅವುಗಳಲ್ಲಿ ಬಹಳಷ್ಟು ಭಾರತದ ವಿದ್ಯಾರ್ಥಿಗಳವು, ಕಲಿಕೆಯ ವೀಡಿಯೊವೊಂದನ್ನು ನೋಡಿ ಹಾಗೆಯೇ ಮಾಡಿದ್ದವು. ಆ ಹುಡುಗರನ್ನು ಹಳಿಯುವ ಮುನ್ನ ಅವರ ಆತಂಕವನ್ನು ಅರಿಯಬೇಕು. ಇರವು ಬೇಕು ಎಂದು ಅವರಿಗೆ ಹೇಳಿದವರು, ಯಾವ ಬಗೆಯ ಇರವು ಎಂದು ಹೇಳಲಿಲ್ಲ.

ಖೋಟಾತನ ಇಲ್ಲಿಗೇ ನಿಂತಿಲ್ಲ. ಉತ್ತರ ಕೊರಿಯದ ಗಣಕ ಕೆಲಸಗಾರರು ಸುಳ್ಳು ಹೆಸರು, ಸುಳ್ಳು ವಿವರಗಳಿಂದ ದೂರದಿಂದಲೇ ಉದ್ಯೋಗ ಪಡೆಯುತ್ತಿದ್ದಾರೆಂದು ಅಮೆರಿಕದ ಸರ್ಕಾರ 2022ರ ಮೇ ತಿಂಗಳಲ್ಲಿ ಕಂಪನಿಗಳಿಗೆ ಎಚ್ಚರಿಕೆ ನೀಡಿತು. ಅದೇ ವರ್ಷದ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಕೇಳಿದೊಡನೆ ಪ್ರೋಗ್ರಾಮು ಬರೆದುಕೊಡುವ ಇಂಥ ಯಂತ್ರಗಳಿಂದ, ಸ್ಪೆನ್ಸ್ ಹೇಳಿದ ಖರ್ಚು ಬಹಳ ಇಳಿದುಹೋಯಿತು. ಮೊನ್ನೆಯವರೆಗೆ ಯೋಗ್ಯತೆಯನ್ನು ಸೂಚಿಸುತ್ತಿದ್ದ ಕೆಲಸ ಇಂದು ಯಾರ ಕೈಯಿಂದಲಾದರೂ ಬರಬಹುದು. ಹೀಗಾಗಿ ಇಟ್ಟ ಕೆಲಸಕ್ಕಿಂತ ಅದನ್ನು ಕುರಿತು ಆಡುವ ಮಾತಿಗೆ, ಮಾಡಿದ ತಪ್ಪಿನ ಮತ್ತು ತಿದ್ದಿದ ತಿದ್ದುಪಡಿಯ ಚರಿತ್ರೆಗೆ ತೂಕ ಬರುತ್ತಿದೆ. ತಾನು ಮಾಡದ ಕೆಲಸವನ್ನು ತೋರಿಸುವುದು ಸುಲಭ. ಅದನ್ನು ಅರ್ಧ ಗಂಟೆ ಸಮರ್ಥಿಸುವುದು ಸುಲಭವಲ್ಲ.

ಬೆಳಕಿಗೆ ಬಂದವನನ್ನು ಎಲ್ಲರೂ ನೋಡುತ್ತಾರೆ. ನೋಡುವವರ ಕಣ್ಣು ಯಾವಾಗಲೂ ನಿರ್ಮಲವಾಗಿರುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಿಂದ ಭಾರತದ ಖಾಸಗಿ ಕಂಪನಿಗಳಿಗೆ ಕಳುಹಿಸಲಾಗಿತ್ತು. ದಲಿತ ಮತ್ತು ಮುಸ್ಲಿಮ್ ಹೆಸರುಗಳಿಗೆ ಕರೆ ಬಂದದ್ದು ಕಡಮೆ. ಗಿಟ್‌ಹಬ್ಬಿನ ಕೊಡುಗೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಒಟ್ಟಾರೆ ಮಹಿಳೆಯರ ತಿದ್ದುಪಡಿಗಳು ನೂರಕ್ಕೆ ಸುಮಾರು 79, ಪುರುಷರವು ಸುಮಾರು 75 ಸ್ವೀಕೃತವಾಗಿದ್ದವು. ಆದರೆ ಯೋಜನೆಗೆ ಹೊಸಬಳಾದ ಮಹಿಳೆಯ ಪುಟದಿಂದ ಆಕೆ ಮಹಿಳೆಯೆಂದು ತಿಳಿಯುವಂತಿದ್ದಾಗ ಆ ಪ್ರಮಾಣ ಪುರುಷರದಕ್ಕಿಂತ ಕೆಳಗಿಳಿಯುತ್ತಿತ್ತು. ಶಿಫಾರಸಿಲ್ಲದವರಿಗೆ ಜಾಲ ನೆರವಾಗುತ್ತದೆ ಎಂದ ನಾನು, ಅದೇ ಜಾಲ ಅವರ ಜಾತಿ, ಧರ್ಮ, ಲಿಂಗಗಳನ್ನೂ ಬಯಲಿಗಿಡಬಹುದೆಂಬುದನ್ನು ಹೇಳದೆ ಬಿಡುವಂತಿಲ್ಲ. ಅದರಿಂದ ಹೆಸರಿನ ಬದಲು ಒಂದು ಅಂಕಿತವನ್ನಿಟ್ಟುಕೊಂಡು ಕೆಲಸ ತೋರಿಸುವ ಹೆಣ್ಣುಮಕ್ಕಳ ಎಚ್ಚರಿಕೆ ಅನುಚಿತವಲ್ಲ. ವಚನಕಾರರ ನಾಡಿನಲ್ಲಿ ಅಂಕಿತವೆಂದರೆ ಅಪರಿಚಿತವೂ ಅಲ್ಲ, ಅಗೌರವವೂ ಅಲ್ಲ.

ಉದ್ಯೋಗ ಕೊಡುವವರಿಗೂ ಒಂದು ಮಾತು ಸಲ್ಲಬೇಕು. ಬಿಡುವಿನ ವೇಳೆಯ ದುಡಿಮೆಯನ್ನು ಅರ್ಹತೆಯೆಂದು ಎಣಿಸಿದರೆ, ಬಿಡುವೇ ಇಲ್ಲದವರು ಅನರ್ಹರಾಗುತ್ತಾರೆ. ಕಾಲೇಜಿಗೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಓಡಾಡಿ, ಮನೆಗೆ ಬಂದು ಅಂಗಡಿಯಲ್ಲಿ ಕೂರುವ ಹುಡುಗ, ತಮ್ಮಂದಿರಿಗೆ ಅಡುಗೆ ಮಾಡಿ ಓದುವ ಹುಡುಗಿ ಹಸುರು ಚೌಕಗಳನ್ನು ಎಲ್ಲಿಂದ ತಂದಾರು? ಇದ್ದ ಕೆಲಸವನ್ನು ಗಮನಕ್ಕೆ ತೆಗೆದುಕೊಳ್ಳುವುದು ನ್ಯಾಯ. ಇಲ್ಲದಿರುವುದನ್ನು ದೋಷವೆಂದು ಬಗೆಯುವುದು ಅನ್ಯಾಯ.

ಹಾಗಾದರೆ ಉದ್ಯೋಗ ಅರಸುವ ತರುಣರು ಏನು ಮಾಡಬೇಕು? ನನ್ನಲ್ಲಿಗೆ ಬರುವವರಿಗೆ ನಾನು ಹೇಳುವುದು ಇಷ್ಟೆ. ವಿವರದ ಪುಟ ಒಂದಿರಲಿ. ಅದು ಮನೆಯ ಬಾಗಿಲಿನ ಫಲಕವಿದ್ದಂತೆ, ಹುಡುಕಿ ಬಂದವರಿಗೆ ವಿಳಾಸ ತಿಳಿದರೆ ಸಾಕು. ಅದರಲ್ಲಿ ಸತ್ಯವನ್ನೇ ಬರೆಯಿರಿ. ವಿಶೇಷಣಗಳನ್ನು ತೆಗೆದು ಕ್ರಿಯಾಪದಗಳನ್ನು ಉಳಿಸಿಕೊಳ್ಳಿ. ಹತ್ತು ಅರೆಬರೆ ಕೆಲಸಗಳಿಗಿಂತ ಪೂರ್ತಿಯಾದ ಒಂದು ಸಣ್ಣ ಕೆಲಸ ಮೇಲು. ಅದು ಯಾವ ತೊಂದರೆಯನ್ನು ನೀಗಿಸುತ್ತದೆ, ಎಲ್ಲಿ ಸೋಲುತ್ತದೆ, ಯಾರಿಂದ ನೆರವು ಪಡೆದಿರಿ ಎಂಬುದನ್ನು ತಿಳಿಯಾದ ಭಾಷೆಯಲ್ಲಿ ಬರೆದಿಡಿ. ಯಂತ್ರದಿಂದ ನೆರವು ಪಡೆದಿದ್ದರೆ ಅದನ್ನೂ ಹೇಳಿ. ನಿಮ್ಮ ಊರಿಗೆ, ನಿಮ್ಮ ಭಾಷೆಗೆ ಬೇಕಾದ ಕೆಲಸವಾದರೆ ಇನ್ನೂ ಒಳ್ಳೆಯದು. ಅದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ವಿರಳ. ಮನೆಯ ವಿಳಾಸ, ಜನ್ಮದಿನಾಂಕ, ಆಧಾರ್ ಸಂಖ್ಯೆ ಇವುಗಳನ್ನು ಎಲ್ಲಿಯೂ ಇಡಬೇಡಿ. ಪರೀಕ್ಷೆಯ ಸಿದ್ಧತೆಯನ್ನು ಬಿಟ್ಟು ಪುಟದ ಅಲಂಕಾರಕ್ಕೆ ಕೂರಬೇಡಿ. ನೇರವಾಗಿ ಅರ್ಜಿ ಹಾಕುವುದಕ್ಕೆ, ಹಿರಿಯ ವಿದ್ಯಾರ್ಥಿಗಳನ್ನು ಕಂಡು ಕೇಳುವುದಕ್ಕೆ ಸಂಕೋಚಪಡಬೇಡಿ. ದುರ್ಬಲ ನಂಟು ಎಂದರೆ ಅವರೇ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಸುಳ್ಳಲ್ಲ. ಆದರೆ ಕೊಡ ತುಂಬಿದೆಯೆಂದು ಬಾಯಾರಿದವನಿಗೆ ತಿಳಿಯುವಂತೆ ಅದನ್ನು ಜಗುಲಿಯ ಮೇಲಿಡುವುದು ತುಳುಕುವಿಕೆಯಲ್ಲ. ತಂದೆತಾಯಿಯರು ಇಷ್ಟನ್ನು ಒಪ್ಪಿದರೆ ಮಕ್ಕಳ ಮೇಲಿನ ಒಂದು ಆಕ್ಷೇಪ ಕಡಮೆಯಾದೀತು. ಖಾಲಿ ಕೊಡಕ್ಕೆ ಬಣ್ಣ ಬಳಿಯುವುದರಲ್ಲಿ ಹೊತ್ತು ಕಳೆಯಬಾರದೆಂದು ಮಕ್ಕಳು ಒಪ್ಪಿದರೆ ಅವರ ಆತಂಕವೂ ಅಷ್ಟರಮಟ್ಟಿಗೆ ಕಡಮೆಯಾದೀತು.